ಗಿಟಾರ್ ಆಂಪ್‌ಗೆ ಕಾಲಿನ ಸ್ವಿಚ್: ಒಂದು ಪತ್ರಕ್ಕೆ ಉತ್ತರ



ಡೊಂಬಿವಲಿ ಪೂರ್ವದಿಂದ ತಾಯಿಯೊಬ್ಬರು ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರೆದಿದ್ದ ಪತ್ರಕ್ಕೆ ಇದು ಉತ್ತರ. ಪ್ರಸಾರದಲ್ಲಿ ಸಮಯ ಸಾಲದೆ ಅವಸರದಲ್ಲಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಬರೆದಿದ್ದೇನೆ.

ಅವರ ಮಗ ಕಾಲೇಜು ಓದುತ್ತಿದ್ದಾನೆ, ಗಣೇಶೋತ್ಸವದ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಾನೆ. ಯಾರಿಂದಲೋ ಹಳೆಯ ಆಂಪ್ಲಿಫೈಯರ್ ಕೊಂಡು ತಂದಿದ್ದಾನೆ. ಅದರ ಜೊತೆ ಬರಬೇಕಿದ್ದ ಕಾಲಿನ ಸ್ವಿಚ್ ಎಲ್ಲೋ ಕಳೆದುಹೋಗಿದೆ. ಈಗ ಟ್ಯೂಷನ್ ಹೇಳಿ ಕೂಡಿಸಿದ ದುಡ್ಡಿನಲ್ಲಿ ಲೂಪ್ ಸ್ವಿಚರ್ ಎಂಬ ಪೆಟ್ಟಿಗೆಯೊಂದನ್ನು ತಂದು, ಎರಡನ್ನೂ ತಂತಿಯಿಂದ ಕೂಡಿಸುತ್ತೇನೆಂದು ಸಾಲ್ಡರಿಂಗ್ ಐರನ್ ಹಿಡಿದು ಕೂತಿದ್ದಾನಂತೆ. "ಕರೆಂಟಿನ ವಿಷಯ, ಅವನಿಗೆ ಏನಾದರೂ ಆದರೆ? ಅವನಿಗೆ ಆಗದಿದ್ದರೂ ಆ ಪೆಟ್ಟಿಗೆ ಸುಟ್ಟುಹೋದರೆ?" ಎಂದು ತಾಯಿ ಕೇಳಿದ್ದಾರೆ. ಕೊನೆಗೊಂದು ಸಾಲು: "ಅವನಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ನೀವು ಬರೆದರೆ ನಾನು ಓದಿ ಹೇಳುತ್ತೇನೆ."

ಠಾಣೆ, ಕಲ್ಯಾಣ್, ನವಿ ಮುಂಬಯಿಯ ಎಷ್ಟು ಕನ್ನಡ ಮನೆಗಳಲ್ಲಿ ಈ ಮಾತು ಕೇಳಿಲ್ಲ! ಆದ್ದರಿಂದ ಅಕ್ಕಾ, ನೀವು ಗಟ್ಟಿಯಾಗಿ ಓದಿ ಹೇಳುವಂತೆಯೇ ಬರೆಯುತ್ತೇನೆ. ನಾನು ಓದಿದ್ದು ಕನ್ನಡ ಬಿ.ಎ. ಆದರೂ ಸ್ಟುಡಿಯೋದಲ್ಲಿ ವರ್ಷಗಟ್ಟಲೆ ಕೂತವರಿಗೆ ತಂತಿಯ ಭಾಷೆಯೂ ಅಷ್ಟಿಷ್ಟು ಬರುತ್ತದೆ.

ನಮ್ಮಲ್ಲಿ ಮೈಕಿನ ಫೇಡರನ್ನು ಮೇಲಕ್ಕೆ ಸರಿಸಿದ ಕೂಡಲೇ ಬಾಗಿಲ ಮೇಲಿನ ಕೆಂಪು ದೀಪ ಹತ್ತಿಕೊಳ್ಳುತ್ತದೆ. ನನ್ನ ದನಿಯೇನೂ ಆ ದೀಪದವರೆಗೆ ಹೋಗುವುದಿಲ್ಲ. ಫೇಡರಿನ ಅಡಿಯಲ್ಲಿರುವ ಪುಟ್ಟ ಸ್ವಿಚ್ಚು ಎರಡು ತಂತಿಗಳನ್ನು ಒಂದಕ್ಕೊಂದು ಮುಟ್ಟಿಸುತ್ತದೆ, ಎಲ್ಲೋ ಒಂದು ರಿಲೇ 'ಟಕ್' ಎನ್ನುತ್ತದೆ, ದೀಪ ಉರಿಯುತ್ತದೆ. ದನಿಯ ದಾರಿಯೇ ಬೇರೆ, ಅಪ್ಪಣೆಯ ದಾರಿಯೇ ಬೇರೆ. ಗಿಟಾರ್ ಆಂಪ್‌ನ ಹಿಂದೆ 'ಫುಟ್‌ಸ್ವಿಚ್' ಎಂದು ಬರೆದ ಸಾಕೆಟ್ ಇರುತ್ತದಲ್ಲ, ಅದು ಸಾಮಾನ್ಯವಾಗಿ ಈ ಎರಡನೆಯ ಜಾತಿಯದು. ಆಂಪ್ ತಾನೇ ಅಲ್ಲಿಗೆ ಸಣ್ಣ ವೋಲ್ಟೇಜ್ ಕಳಿಸಿ ಕಾಯುತ್ತಿರುತ್ತದೆ. ಹೊರಗಿನಿಂದ ಯಾರಾದರೂ ಎರಡು ತುದಿ ಮುಟ್ಟಿಸಿದರೆ, ಮೆದು ದನಿಯ ಚಾನೆಲ್ಲಿನಿಂದ ಒರಟು ದನಿಯ ಚಾನೆಲ್ಲಿಗೆ ಹೊರಳುತ್ತದೆ.

ಇನ್ನು ಲೂಪ್ ಸ್ವಿಚರ್. ಇದನ್ನು ಕಲ್ಯಾಣ್ ಜಂಕ್ಷನ್ ಎಂದುಕೊಳ್ಳಿ. ಗಿಟಾರಿನ ನಾದ ಒಂದು ಲೋಕಲ್ ಗಾಡಿ. ಕಲ್ಯಾಣಿನಲ್ಲಿ ಒಂದು ಹಳಿ ಕಸಾರಾ ಕಡೆಗೆ ಹೊರಳುತ್ತದೆ, ಇನ್ನೊಂದು ಕರ್ಜತ್ ಕಡೆಗೆ. ಹಾಗೆಯೇ ಈ ಪೆಟ್ಟಿಗೆ ನಾದವನ್ನು ಒಮ್ಮೆ ಪ್ರತಿಧ್ವನಿ ಕೊಡುವ ಪೆಡಲ್ ಮೂಲಕ, ಒಮ್ಮೆ ದನಿ ಒಡೆಯುವ ಪೆಡಲ್ ಮೂಲಕ, ಒಮ್ಮೆ ಯಾವುದೂ ಬೇಡವೆಂದು ನೇರವಾಗಿ ಆಂಪ್‌ಗೆ ಕಳಿಸುತ್ತದೆ. ನಾಲ್ಕು ಪೆಡಲ್‌ಗಳನ್ನು ಬೇರೆ ಬೇರೆಯಾಗಿ ಒತ್ತುವ ಬದಲು ಒಂದೇ ಒತ್ತು ಸಾಕು. ಹಾಡಿನ ಪಲ್ಲವಿ ಮುಗಿದು ಚರಣ ಶುರುವಾಗುವ ಆ ಅರೆಕ್ಷಣದಲ್ಲಿ ವೇದಿಕೆ ಮೇಲೆ ಭರತನಾಟ್ಯ ಮಾಡಬೇಕಾಗಿಲ್ಲ.

ಹಳಿಯ ಪಕ್ಕದಲ್ಲೇ ಸಿಗ್ನಲಿನ ತಂತಿಯೂ ಓಡುತ್ತದೆ. ಅದರಲ್ಲಿ ಗಾಡಿ ಹೋಗುವುದಿಲ್ಲ, ಅಪ್ಪಣೆ ಮಾತ್ರ ಹೋಗುತ್ತದೆ. ಒಳ್ಳೆಯ ಲೂಪ್ ಸ್ವಿಚರ್‌ಗಳಲ್ಲಿ, ಉದಾಹರಣೆಗೆ ಬಾಸ್ ಕಂಪನಿಯ ಇಎಸ್-8 ಥರದವುಗಳಲ್ಲಿ, ಲೂಪಿನ ಸಾಕೆಟ್‌ಗಳಲ್ಲದೆ 'ಕಂಟ್ರೋಲ್ ಔಟ್' ಎಂಬ ಬೇರೆ ಸಾಕೆಟ್ ಇರುತ್ತದೆ. ಅದೇ ಸಿಗ್ನಲಿನ ತಂತಿ. ನಿಮ್ಮ ಮಗ ಆಂಪ್‌ನ ಫುಟ್‌ಸ್ವಿಚ್ ಸಾಕೆಟನ್ನು ಕೂಡಿಸಬೇಕಾದದ್ದು ಇದಕ್ಕೆ, ಲೂಪಿನ 'ಸೆಂಡ್', 'ರಿಟರ್ನ್'ಗಳಿಗಲ್ಲ. ಆ ಪೆಟ್ಟಿಗೆಯಲ್ಲಿ ಕಂಟ್ರೋಲ್ ಔಟ್ ಇಲ್ಲವೇ ಇಲ್ಲ ಎಂದಾದರೆ ಇಲ್ಲಿಗೇ ನಿಲ್ಲಿಸಲಿ. ಖಾಲಿ ಬಿದ್ದಿರುವ ಲೂಪೊಂದನ್ನು ಸ್ವಿಚ್ಚಿನಂತೆ ಬಳಸುವ ಉಪಾಯಗಳಿವೆ. ಆದರೆ ಒಳಗಿರುವುದು ರಿಲೇಯೋ ಬೇರೇನೋ ಎಂದು ಗೊತ್ತಿಲ್ಲದೆ ಅದಕ್ಕೆ ಕೈ ಹಾಕಬಾರದು.

ಇಲ್ಲೊಂದು ಮೋಸವಿದೆ. ಗಿಟಾರ್ ಸಾಕೆಟ್, ಫುಟ್‌ಸ್ವಿಚ್ ಸಾಕೆಟ್, ಸ್ಪೀಕರ್ ಸಾಕೆಟ್, ಮೂರೂ ನೋಡಲು ಒಂದೇ. ಮೂರಕ್ಕೂ ಕಾಲು ಇಂಚಿನ, ಅಂದರೆ 6.35 ಮಿ.ಮೀ. ಪಿನ್ನೇ ಹೊಂದುತ್ತದೆ. 19ನೇ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕರೆ ಜೋಡಿಸಲೆಂದು ಹುಟ್ಟಿದ ಈ ಪಿನ್ ಎಷ್ಟು ಗಟ್ಟಿಮುಟ್ಟೆಂದರೆ, ಆಮೇಲೆ ಎಲ್ಲರೂ ಎಲ್ಲದಕ್ಕೂ ಅದನ್ನೇ ಬಳಸಿದರು. ಗಿಟಾರಿನಿಂದ ಬರುವುದು ವೋಲ್ಟಿನ ಒಂದು ಸಣ್ಣ ಚೂರು. ಸ್ಪೀಕರಿಗೆ ಹೋಗುವುದು ಹತ್ತಾರು ವಾಟ್. ಸ್ಪೀಕರ್ ಸಾಕೆಟ್ಟಿನ ತಂತಿ ಲೂಪ್ ಸ್ವಿಚರ್‌ಗೆ ಹೋದರೆ ಟ್ಯೂಷನ್ ದುಡ್ಡು ಹೊಗೆಯಾಗಿ ಹೋಯಿತೆಂದೇ ಲೆಕ್ಕ, ಜೊತೆಗೆ ವಾಲ್ವ್ ಆಂಪ್ ಆದರೆ ಆಂಪ್‌ಗೂ ಪೆಟ್ಟು. ಹೆಸರನ್ನು ಓದದೆ ಪಿನ್ ಚುಚ್ಚಬಾರದು. ಹಳೆಯ ಆಂಪ್‌ಗಳಲ್ಲಿ ಅಕ್ಷರ ಅಳಿಸಿಹೋಗಿರುತ್ತದೆ, ಆಗ ಆ ಮಾದರಿಯ ಮ್ಯಾನ್ಯುಯಲ್ ಹುಡುಕಿ ತೆಗೆಯಲೇಬೇಕು.

ಈಗ ಮಗ ಮಾಡಬೇಕಾದ ಮೊದಲ ಕೆಲಸ. ಸಾಲ್ಡರಿಂಗ್ ಐರನ್ ಕೆಳಗಿಡಲಿ, ಮಲ್ಟಿಮೀಟರ್ ಕೈಗೆ ತೆಗೆದುಕೊಳ್ಳಲಿ. ಆಂಪ್ ಹಚ್ಚಿ, ವಾಲ್ಯೂಮ್ ಸೊನ್ನೆಗೆ ಇಟ್ಟು, ಫುಟ್‌ಸ್ವಿಚ್ ಸಾಕೆಟ್ಟಿಗೆ ಒಂದು ತಂತಿ ಚುಚ್ಚಿ, ಆ ತಂತಿಯ ಇನ್ನೊಂದು ಕೊನೆಯ ಪಿನ್ನಿನ ತುದಿಗೂ ಬುಡಕ್ಕೂ ಮೀಟರಿನ ಕಡ್ಡಿ ಮುಟ್ಟಿಸಬೇಕು. ಮೊದಲು ಡಿಸಿಯಲ್ಲಿ, ಆಮೇಲೆ ಎಸಿಯಲ್ಲಿ. ಸಾಮಾನ್ಯವಾಗಿ 5ರಿಂದ 15 ವೋಲ್ಟ್ ಡಿಸಿ ಕಾಣುತ್ತದೆ. ಅಕ್ಕಾ, ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ. ಟಾರ್ಚಿನ ಒಂದಷ್ಟು ಸೆಲ್ ಸಾಲಾಗಿ ಇಟ್ಟಷ್ಟೇ ಅದು, ಮುಟ್ಟಿದರೂ ಶಾಕ್ ಹೊಡೆಯುವುದಿಲ್ಲ. ಆದರೆ ಮೀಟರು 30 ವೋಲ್ಟಿಗಿಂತ ಹೆಚ್ಚು ತೋರಿಸಿದರೆ, ಮೈನಸ್ ಚಿಹ್ನೆ ತೋರಿಸಿದರೆ, ಅಥವಾ ಎಸಿ ತೋರಿಸಿದರೆ, ಈ ಆಂಪ್ ಸಾಮಾನ್ಯದ್ದಲ್ಲ ಎಂದು ತಿಳಿದು ಕೈ ಹಿಂದೆಗೆಯಬೇಕು.

ವೋಲ್ಟೇಜ್ ಸಣ್ಣ ಡಿಸಿ ಎಂದು ಖಾತ್ರಿಯಾದ ಮೇಲೆ ಅದೇ ಪಿನ್ನಿನ ತುದಿ, ಬುಡಗಳನ್ನು ಒಂದು ತಂತಿಯ ತುಂಡಿನಿಂದ ಮುಟ್ಟಿಸಿ ನೋಡಲಿ. ಚಾನೆಲ್ ಬದಲಾಯಿತೇ? ತುಂಡು ತೆಗೆದರೆ ಹಿಂದಕ್ಕೆ ಬಂತೇ? ಹಾಗಾದರೆ ಅದು ಫ್ಯಾನಿನ ಸ್ವಿಚ್ಚಿನ ಜಾತಿ, ಒತ್ತಿದ್ದು ಒತ್ತಿದಂತೆಯೇ ನಿಲ್ಲಬೇಕು. ಇಂಗ್ಲಿಷಿನಲ್ಲಿ ಲ್ಯಾಚಿಂಗ್ ಎನ್ನುತ್ತಾರೆ. ಒಮ್ಮೆ ಮುಟ್ಟಿಸಿದರೆ ಬದಲಾಗಿ, ತೆಗೆದರೂ ಹಾಗೇ ಇದ್ದು, ಮತ್ತೊಮ್ಮೆ ಮುಟ್ಟಿಸಿದಾಗ ಹಿಂದಕ್ಕೆ ಬಂದರೆ ಅದು ಕಾಲಿಂಗ್ ಬೆಲ್ಲಿನ ಜಾತಿ, ಅಂದರೆ ಮೊಮೆಂಟರಿ. ಲೂಪ್ ಸ್ವಿಚರ್‌ನಲ್ಲಿ ಇದಕ್ಕೊಂದು ಸೆಟ್ಟಿಂಗ್ ಇರುತ್ತದೆ, ಆಂಪ್‌ಗೆ ಹೊಂದುವುದನ್ನು ಅಲ್ಲಿ ಆರಿಸಬೇಕು. ತಂತಿ ಸರಿಯಾಗಿದ್ದೂ 'ಒಮ್ಮೆ ಕೆಲಸ ಮಾಡುತ್ತದೆ, ಒಮ್ಮೆ ಮಾಡುವುದಿಲ್ಲ' ಎಂಬ ದೂರುಗಳಲ್ಲಿ ಬಹಳಷ್ಟು ಈ ಸೆಟ್ಟಿಂಗಿನವೇ. ಬೆಲ್ಲಿನ ಜಾತಿಯಲ್ಲಿ ಇನ್ನೊಂದು ತೊಡಕು ಉಂಟು. ಆಂಪ್ ಈಗ ಯಾವ ಚಾನೆಲ್ಲಿನಲ್ಲಿದೆ ಎಂದು ಲೂಪ್ ಸ್ವಿಚರ್‌ಗೆ ತಿಳಿಯುವುದಿಲ್ಲ, ಅದು ಬೆಲ್ ಒತ್ತಿ ಸುಮ್ಮನಾಗುತ್ತದೆ. ಕಾರ್ಯಕ್ರಮ ಶುರುವಾಗುವ ಮುನ್ನ ಎರಡನ್ನೂ ಮೆದು ದನಿಯಲ್ಲಿ ನಿಲ್ಲಿಸಿ ಹೊಂದಿಸಿಕೊಳ್ಳದಿದ್ದರೆ, ಭಕ್ತಿಗೀತೆಗೆ ರಾಕ್ ದನಿ, ರಾಕ್ ಹಾಡಿಗೆ ಭಕ್ತಿಗೀತೆಯ ದನಿ ಬರುತ್ತದೆ!

ಪಿನ್ನಿನ ವಿಷಯ. ಗಮನಿಸಿ ನೋಡಿದರೆ ಪಿನ್ನಿನ ಮೇಲೆ ಕಪ್ಪು ಉಂಗುರಗಳಿರುತ್ತವೆ. ಒಂದೇ ಕಪ್ಪು ಉಂಗುರವಿದ್ದರೆ ಮೋನೋ: ತುದಿ ಮತ್ತು ಬುಡ, ಅಂದರೆ ಟಿಪ್ ಮತ್ತು ಸ್ಲೀವ್. ಎರಡಿದ್ದರೆ ಸ್ಟೀರಿಯೋ: ನಡುವೆ ರಿಂಗ್ ಎಂಬ ಮೂರನೆಯ ಭಾಗ ಬರುತ್ತದೆ. ಆಂಪ್‌ಗೆ ಚಾನೆಲ್ ಬದಲಾವಣೆ ಒಂದೇ ಕೆಲಸವಿದ್ದರೆ ಮೋನೋ ಪಿನ್ ಸಾಕು, ತುದಿಗೆ ತುದಿ, ಬುಡಕ್ಕೆ ಬುಡ. ಚಾನೆಲ್ ಮತ್ತು ರಿವರ್ಬ್ ಎಂದು ಎರಡು ಕೆಲಸವಿರುವ ಅನೇಕ ಆಂಪ್‌ಗಳು ಸ್ಟೀರಿಯೋ ಪಿನ್ ಕೇಳುತ್ತವೆ: ತುದಿ ಒಂದು ಕೆಲಸಕ್ಕೆ, ರಿಂಗ್ ಇನ್ನೊಂದಕ್ಕೆ, ಬುಡ ಎರಡಕ್ಕೂ ಸಾಮಾನ್ಯ. ಇಂಥ ಸಾಕೆಟ್ಟಿಗೆ ಮನೆಯಲ್ಲಿ ಬಿದ್ದಿದ್ದ ಗಿಟಾರಿನ ಮೋನೋ ತಂತಿ ಚುಚ್ಚಿದರೆ, ಅದರ ಉದ್ದನೆಯ ಬುಡ ರಿಂಗಿಗೂ ತಾಗಿ ನಿಲ್ಲುತ್ತದೆ. ಆಗ ಎರಡನೆಯ ಕೆಲಸ ಸದಾ ಒತ್ತಿ ಹಿಡಿದಂತೆ. ರಿವರ್ಬ್ ಸತ್ತೇಹೋಯಿತೆಂದು ಆಂಪನ್ನು ರಿಪೇರಿಗೆ ಹೊತ್ತುಕೊಂಡು ಹೋಗುವವರಿದ್ದಾರೆ. ಸತ್ತದ್ದು ರಿವರ್ಬ್ ಅಲ್ಲ, ತಂತಿ ಬೇರೆ ಅಷ್ಟೇ. ರೋಲ್ಯಾಂಡ್‌ನ ಜಾಝ್ ಕೋರಸ್‌ನಂತೆ ಒಂದೊಂದು ಕೆಲಸಕ್ಕೂ ಬೇರೆ ಬೇರೆ ಸಾಕೆಟ್ ಇರುವ ಆಂಪ್ ಆಗಿದ್ದರೆ, ಒಂದು ಕಡೆ ಸ್ಟೀರಿಯೋ ಪಿನ್, ಇನ್ನೊಂದು ಕಡೆ ಎರಡು ಮೋನೋ ಪಿನ್ ಇರುವ ಕವಲು ತಂತಿ ಮಾಡಿಕೊಳ್ಳಬೇಕು.

ಅಸಾಮಾನ್ಯ ಆಂಪ್ ಎಂದೆನಲ್ಲ, ಅವುಗಳ ಬಗ್ಗೆ ಒಂದೆರಡು ಮಾತು. ಫೆಂಡರ್ ಕಂಪನಿಯ ಹಾಟ್ ರಾಡ್ ಡಿಲಕ್ಸ್‌ನ ಕಾಲಿನ ಸ್ವಿಚ್ಚಿನಲ್ಲಿ ಎರಡು ಗುಂಡಿಗಳಿವೆ, ಆದರೆ ತಂತಿ ಬರೀ ಮೋನೋ. ಎಸಿಯ ಒಂದು ಅರ್ಧವನ್ನು ಒಂದು ಕೆಲಸಕ್ಕೆ, ಇನ್ನೊಂದು ಅರ್ಧವನ್ನು ಇನ್ನೊಂದಕ್ಕೆ ಡಯೋಡುಗಳಿಂದ ಬೇರ್ಪಡಿಸಿ ಎರಡೇ ತಂತಿಯಲ್ಲಿ ಎರಡು ಅಪ್ಪಣೆ ಕಳಿಸುತ್ತಾರೆ. ಜಾಣ ಕೆಲಸವೇ, ಆದರೆ ಲೂಪ್ ಸ್ವಿಚರ್‌ಗೆ ನೇರ ಕೂಡಿಸಿದರೆ ಅರ್ಧಂಬರ್ಧ ಕೆಲಸ ಮಾಡುತ್ತದೆ. ಟ್ವಿನ್ ರಿವರ್ಬ್ ಥರದ ಹಳೆಯ ಫೆಂಡರ್‌ಗಳಲ್ಲಿ ರಿವರ್ಬಿನ ನಾದವೇ ಕಾಲಿನ ಸ್ವಿಚ್ಚಿನ ತಂತಿಗೆ ಬರುತ್ತದೆ. ಅಲ್ಲಿ ಮಾತ್ರ ಸಿಗ್ನಲಿನ ತಂತಿಯಲ್ಲಿ ಗಾಡಿಯೂ ಓಡುತ್ತದೆ ಎನ್ನಿ, ಆದ್ದರಿಂದ ಶೀಲ್ಡ್ ಇರುವ ತಂತಿಯೇ ಬೇಕು.

ಇನ್ನು ಕೆಲವು ಆಂಪ್‌ಗಳಲ್ಲಿ ಐದೋ ಏಳೋ ಕಡ್ಡಿಯ ದುಂಡು ಸಾಕೆಟ್ ಇರುತ್ತದೆ. ಡಿನ್ ಎನ್ನುತ್ತಾರೆ. 1983ರಲ್ಲಿ ಬಂದ ಮಿಡಿ ಸಂಪರ್ಕಕ್ಕೂ ಐದು ಕಡ್ಡಿಯ ಡಿನ್ನೇ ಇರುವುದರಿಂದ, ಲೂಪ್ ಸ್ವಿಚರ್‌ನ ಮಿಡಿ ತಂತಿಯನ್ನು ತಂದು ಆಂಪ್‌ನ ಫುಟ್‌ಸ್ವಿಚ್ ಸಾಕೆಟ್ಟಿಗೆ ಚುಚ್ಚಬೇಕೆನಿಸುವುದು ಸಹಜ. ಚುಚ್ಚಬಾರದು. ಪೆಡಲಿನ ದೀಪ ಉರಿಸಲು ಆಂಪ್ ಒಂದು ಕಡ್ಡಿಯಲ್ಲಿ ನೇರವಾಗಿ ಕರೆಂಟ್ ಕಳಿಸುತ್ತಿದ್ದರೆ ಏನಾದರೊಂದು ಸುಡುತ್ತದೆ. ಇಂಥ ಆಂಪ್‌ಗೆ ಅದರದೇ ಕಾಲಿನ ಸ್ವಿಚ್ ಹೇಗಾದರೂ ಸಂಪಾದಿಸಿ, ಆ ಸ್ವಿಚ್ಚಿನ ಪೆಟ್ಟಿಗೆ ಬಿಚ್ಚಿ, ಗುಂಡಿಯ ಎರಡು ಕಾಲುಗಳಿಗೆ ಸಮಾನಾಂತರವಾಗಿ ಒಂದು ಸಣ್ಣ ರಿಲೇ ಕೂರಿಸುವುದು ಕ್ಷೇಮ.

ಬಿಚ್ಚುವ ಮಾತು ಬಂತು. ಬಿಚ್ಚುವುದಾದರೆ ಪೆಡಲ್ ಮಾತ್ರ, ಆಂಪ್ ಅಲ್ಲ. ವಾಲ್ವ್ ಆಂಪ್‌ನ ಒಳಗಿನ ಕೆಪಾಸಿಟರುಗಳಲ್ಲಿ 400 ವೋಲ್ಟಿನ ಆಸುಪಾಸು ತುಂಬಿರುತ್ತದೆ. ಗೋಡೆಯಿಂದ ಪ್ಲಗ್ ಕಿತ್ತ ಮೇಲೂ ಅದು ಅಲ್ಲಿ ಉಳಿದಿರಬಹುದು. ಅಕ್ಕಾ, ಈ ಸಾಲನ್ನು ಎರಡು ಸಲ ಓದಿ ಹೇಳಿ.

ಸಾಮಾನು ತರಲು ಲ್ಯಾಮಿಂಗ್ಟನ್ ರೋಡಿಗೆ ಹೋಗುವುದು ನಮ್ಮ ಕಡೆಯವರಿಗೆ ರೂಢಿ. ಡಾ. ಭಡಕಮ್ಕರ್ ಮಾರ್ಗ ಎಂಬ ಅದರ ಸರ್ಕಾರಿ ಹೆಸರನ್ನು ಕೇಳಿದರೆ ಟ್ಯಾಕ್ಸಿಯವರೂ ಒಂದು ಕ್ಷಣ ಯೋಚಿಸುತ್ತಾರೆ! ದಾದರಿನಲ್ಲಿ ವೆಸ್ಟರ್ನ್ ಲೈನಿಗೆ ಬದಲಿಸಿ ಗ್ರಾಂಟ್ ರೋಡಿನಲ್ಲಿ ಇಳಿದರೆ ನಡೆಯುವ ದೂರ. ಅಲ್ಲಿ ಕಾಲು ಇಂಚಿನ ಪಿನ್ನಿಗೆ 'ಪಿ-38' ಎನ್ನುತ್ತಾರೆ. ಮೋನೋ ಬೇಕೋ ಸ್ಟೀರಿಯೋ ಬೇಕೋ ಹೇಳಿದರೆ ಸಾಕು. ಲೋಹದ ಕವಚದ್ದನ್ನೇ ತರಲಿ. ಪ್ಲಾಸ್ಟಿಕ್‌ನದು ವೇದಿಕೆಯಲ್ಲಿ ಯಾರದಾದರೂ ಚಪ್ಪಲಿಯಡಿ ಸಿಕ್ಕಿ ಮುಗಿಯುತ್ತದೆ. 25 ವಾಟಿನ ಸಾಲ್ಡರಿಂಗ್ ಐರನ್ ಸಾಕು. ಬೆಸೆಯುವ ಮೊದಲೇ ಪಿನ್ನಿನ ಕವಚವನ್ನು ತಂತಿಗೆ ಪೋಣಿಸಿಕೊಳ್ಳಬೇಕು. ಜಗತ್ತಿನ ಎಲ್ಲ ತಂತಿಗಾರರೂ ಬೆಸೆದಾದ ಮೇಲೆ ಕವಚ ಮೇಜಿನ ಮೇಲೆ ಕೂತಿರುವುದನ್ನು ನೋಡಿ ತಲೆ ಚಚ್ಚಿಕೊಂಡವರೇ. ಮುಗಿದ ಮೇಲೆ ಮೀಟರಿನ 'ಬೀಪ್' ಇಟ್ಟು ತುದಿಗೆ ತುದಿ ಬೀಪ್ ಆಗುತ್ತದೆಯೇ, ತುದಿಗೂ ಬುಡಕ್ಕೂ ಬೀಪ್ ಆಗದೇ ಇದೆಯೇ ನೋಡಬೇಕು. ನಮ್ಮ ಮಳೆಗಾಲದ ತೇವಕ್ಕೆ ಪಿನ್ನು ಬೇಗ ಕಪ್ಪಾಗುತ್ತದೆ, ಗಣೇಶೋತ್ಸವದ ಹೊತ್ತಿಗೆ ಒಮ್ಮೆ ಒರೆಸಿಕೊಂಡರೆ ಒಳ್ಳೆಯದು.

ತಂತಿ ಚುಚ್ಚಿದೊಡನೆ ಆಂಪ್ 'ಗುಂಯ್' ಎಂದು ಗುನುಗಿದರೆ ಗಾಬರಿ ಬೇಡ. ಗಿಟಾರಿನ ತಂತಿಯ ಮೂಲಕ ಆಂಪ್ ಮತ್ತು ಲೂಪ್ ಸ್ವಿಚರ್‌ನ ಗ್ರೌಂಡುಗಳು ಮೊದಲೇ ಕೂಡಿಕೊಂಡಿರುತ್ತವೆ. ಈಗ ಕಂಟ್ರೋಲ್ ತಂತಿಯ ಬುಡವೂ ಕೂಡಿಕೊಂಡು ಒಂದು ಬಳೆಯಾಯಿತು. ಆ ಬಳೆಯಲ್ಲಿ ನಮ್ಮ ಮನೆಯ ಕರೆಂಟಿನ 50 ಹರ್ಟ್ಸ್ ಹಾಡಲು ಶುರುಮಾಡುತ್ತದೆ. ಕಂಟ್ರೋಲ್ ಔಟ್‌ನ ಒಳಗೆ ಗ್ರೌಂಡಿಗೆ ತಾಗದ ರಿಲೇ ಇದ್ದರೆ ಈ ಕಾಟವಿಲ್ಲ. ಇಲ್ಲದಿದ್ದರೆ ನಡುವೆ 5 ವೋಲ್ಟಿನ ಒಂದು ರಿಲೇ ಹಾಕಿ, ಅದಕ್ಕೆ ಬೇರೆಯೇ ವಿದ್ಯುತ್ ಕೊಟ್ಟು, ಸುರುಳಿಗೆ ಅಡ್ಡಲಾಗಿ 1ಎನ್4007 ಡಯೋಡನ್ನು ಅದರ ಬೆಳ್ಳಿ ಪಟ್ಟಿ ಪ್ಲಸ್ ಕಡೆಗಿರುವಂತೆ ಬೆಸೆದು, ರಿಲೇಯ ಎರಡು ಬಾಯಿಗಳನ್ನು ಮಾತ್ರ ಆಂಪ್‌ಗೆ ಕೊಟ್ಟರೆ ಬಳೆ ಒಡೆಯುತ್ತದೆ.

ಆದರೆ ಈ ಗುನುಗು ನಿಲ್ಲಿಸಲು ಕೆಲವರು ಇನ್ನೊಂದು ದಾರಿ ಹಿಡಿಯುತ್ತಾರೆ. ಆಂಪ್‌ನ ಮೂರು ಪಿನ್ನಿನ ಪ್ಲಗ್ಗಿನಲ್ಲಿ ದಪ್ಪಗಿನ ಅರ್ಥ್ ಪಿನ್ನನ್ನೇ ಕಿತ್ತುಹಾಕುತ್ತಾರೆ, ಅಥವಾ ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸುತ್ತಾರೆ. ಗುನುಗು ನಿಂತೇ ನಿಲ್ಲುತ್ತದೆ, ಅದೇ ಅಪಾಯ. ಅಕ್ಕಾ, ನೀವು ಹೆದರಬೇಕಾದದ್ದು ಫುಟ್‌ಸ್ವಿಚ್ಚಿನ ಆ ಪುಟ್ಟ ತಂತಿಗಲ್ಲ, ಇದಕ್ಕೆ. ಗಿಟಾರಿನ ತಂತಿಗಳು ಆಂಪ್‌ನ ಲೋಹದ ಮೈಗೆ ಕೂಡಿಕೊಂಡಿರುತ್ತವೆ. ಹುಡುಗನ ಕೈ ಆ ತಂತಿಗಳ ಮೇಲೆ, ತುಟಿ ಮೈಕಿನ ಮೇಲೆ. ಮೈಕು ಬೇರೊಂದು ಬೋರ್ಡಿನಿಂದ ಬಂದ ಸೌಂಡ್ ಸಿಸ್ಟಮ್ಮಿನದು. ಆಂಪ್‌ನಲ್ಲಿ ದೋಷವಿದ್ದು ಅರ್ಥ್ ಇಲ್ಲದೇ ಹೋದರೆ, 230 ವೋಲ್ಟ್ ಹಾದುಹೋಗಲು ದಾರಿ ಅವನ ದೇಹವೇ. ಮಳೆಗೆ ಒದ್ದೆಯಾದ ಪೆಂಡಾಲು, ತಾತ್ಕಾಲಿಕ ವೈರಿಂಗು ಇರುವಲ್ಲಿ ಇದು ಬರೀ ಮಾತಿಗೆ ಹೇಳುವ ಅಪಾಯವಲ್ಲ.

ಆದ್ದರಿಂದ ಮಂಡಳಿಯವರನ್ನು ಕೇಳಬೇಕಾದ ಪ್ರಶ್ನೆ ಒಂದಿದೆ. ವೇದಿಕೆಯ ಬೋರ್ಡಿಗೆ ಅರ್ಥ್ ಇದೆಯೇ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿದ್ದೀರಾ? ಕೇಳಲು ಮಗ ಸಂಕೋಚಪಟ್ಟರೆ ನೀವೇ ಕೇಳಿ. ತಾಯಂದಿರು ಕೇಳಿದರೆ ಮಂಡಳಿಯವರು ಎದ್ದು ಹೋಗಿ ನೋಡುತ್ತಾರೆ. ಹಾಡು ಶುರುಮಾಡುವ ಮೊದಲು ಮೀಟರನ್ನು ಎಸಿಯಲ್ಲಿಟ್ಟು ಒಂದು ಕಡ್ಡಿ ಗಿಟಾರಿನ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ ಮುಟ್ಟಿಸಲಿ. ಸೊನ್ನೆಯ ಹತ್ತಿರ ಇರಬೇಕು. ಹತ್ತಾರು ವೋಲ್ಟ್ ತೋರಿಸಿದರೆ ಎಲೆಕ್ಟ್ರಿಷಿಯನ್ ಬಂದು ಸರಿಮಾಡುವವರೆಗೆ ಯಾರೂ ಮೈಕ್ ಮುಟ್ಟಬಾರದು.

ಕೊನೆಯದಾಗಿ ವೇದಿಕೆಯ ಒಂದು ಜಾಣತನ. ಬಹಳಷ್ಟು ಆಂಪ್‌ಗಳಲ್ಲಿ ಫುಟ್‌ಸ್ವಿಚ್ ಸಾಕೆಟ್ಟಿಗೆ ಪಿನ್ ಇದ್ದಷ್ಟು ಹೊತ್ತು ಮುಂಭಾಗದ ಚಾನೆಲ್ ಗುಂಡಿ ಕೆಲಸ ಮಾಡುವುದಿಲ್ಲ. ಹಾಡಿನ ನಡುವೆ ಹೊಸ ತಂತಿ ಕೈಕೊಟ್ಟರೆ ಹುಡುಗರು ಆ ಗುಂಡಿಯನ್ನೇ ಒತ್ತಿ ಒತ್ತಿ ಬೆವರುತ್ತಾರೆ. ಹಿಂದೆ ಹೋಗಿ ಪಿನ್ ಕಿತ್ತರೆ ಗುಂಡಿಗೆ ಜೀವ ಬರುತ್ತದೆ. ಕತ್ತಲಲ್ಲಿ ಯಾವ ಪಿನ್ ಎಂದು ತಡಕಾಡದಂತೆ ಈ ತಂತಿಯ ಎರಡು ತುದಿಗೂ ಕೆಂಪು ಟೇಪ್ ಸುತ್ತಿಟ್ಟರೆ ಆಯಿತು. ಮನೆಯಲ್ಲಿ ಇದನ್ನೆಲ್ಲ ಹಗಲಿನಲ್ಲೇ ಪರೀಕ್ಷಿಸಲಿ, ರಾತ್ರಿ ಒರಟು ಚಾನೆಲ್ ಹಚ್ಚಿದರೆ ಪಕ್ಕದ ಮನೆಯವರು ನಮ್ಮ ಕಾರ್ಯಕ್ರಮಕ್ಕೆ ಬೇರೆ ಥರದ ಪತ್ರ ಬರೆದಾರು.

ಆ ಆಂಪ್ ಯಾವ ಕಂಪನಿಯದು, ಯಾವ ಮಾದರಿ ಎಂದು ನಿಮ್ಮ ಪತ್ರದಲ್ಲಿ ಇರಲಿಲ್ಲ. ಮೀಟರು ಏನು ತೋರಿಸಿತೆಂಬುದನ್ನೂ ಸೇರಿಸಿ ಇನ್ನೊಂದು ಪತ್ರ ಬರೆಯಿರಿ ಅಕ್ಕಾ, ಮುಂದಿನ ವಾರ ಅಲ್ಲಿಂದ ಮುಂದುವರಿಸೋಣ. ಕಾರ್ಯಕ್ರಮ ಯಾವ ದಿನ, ಯಾವ ಪೆಂಡಾಲಿನಲ್ಲಿ ಎಂಬುದನ್ನೂ ತಿಳಿಸಿ. ಅಂದು ನನಗೆ ಬೆಳಗಿನ ಪಾಳಿ ಸಿಕ್ಕರೆ ಸಂಜೆಯ ಲೋಕಲ್ ಹಿಡಿದು ಡೊಂಬಿವಲಿಗೆ ಬರುತ್ತೇನೆ.